ತುದಿಮನೆಯ ನಲ್ಲಿ

ಜೂನ್ ೩, ಸೋಮವಾರ

ಇವತ್ತಿನಿಂದ ನಾನು ಸರ್ಕಾರಿ ನೌಕರಳು, ಅಂದರೆ ಮುಕ್ಕಾಲು ಪಾಲು. ನೀರು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಒಂದು ವರ್ಷದ ಇಂಟರ್ನ್. ಹಾಕಿಕೊಳ್ಳಲು ಕೊಟ್ಟ ಬಿಳಿ ಕೋಟು ಯಾರೋ ಬಿಟ್ಟು ಹೋದದ್ದು. ಅದರ ತೋಳಿನೊಳಗೆ ನನ್ನ ಕೈ ಎಲ್ಲಿದೆ ಎಂದು ಹುಡುಕಬೇಕು. ಖಾಯಂ ಆದವರಿಗೆ ಅಳತೆ ತೆಗೆದು ಹೊಲಿಸಿಕೊಡುತ್ತಾರಂತೆ. ಹಾಗಾಗಿ ಇಲ್ಲಿ ಯಾರು ಖಾಯಂ, ಯಾರು ಅಲ್ಲ ಎಂದು ತೋಳು ನೋಡಿದರೆ ಸಾಕು, ಕೇಳುವುದೇ ಬೇಡ.

ಜೊತೆಗೆ ಇನ್ನೊಬ್ಬ ಇಂಟರ್ನ್ ಸೇರಿದ್ದಾನೆ. ಉದ್ದ ಎಂದರೆ ಉದ್ದ. ಕಪಾಟಿನ ಮೇಲಿನ ಡಬ್ಬವನ್ನೆಲ್ಲ ಅವನ ಕೈಲೇ ತೆಗೆಸುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಅವನ ಹೆಸರು ಏಣಿ ಎಂದಾಗಿತ್ತು. ಇಟ್ಟವಳು ನಾನೇ, ಅವನು ಬೇಜಾರು ಮಾಡಿಕೊಳ್ಳಲಿಲ್ಲ.

ಲ್ಯಾಬಿನ ಮುಖ್ಯಸ್ಥೆಯನ್ನು ಎಲ್ಲರೂ ದೊಡ್ಡ ಮೇಡಂ ಅನ್ನುತ್ತಾರೆ. ನಮ್ಮಿಬ್ಬರನ್ನೂ ಎದುರು ಕೂರಿಸಿಕೊಂಡು, "ಖಾಲಿ ಇರೋದು ಒಂದೇ ಜಾಗ. ಅದನ್ನ ತುಂಬೋಕೆ ಮೇಲಿಂದ ಅನುಮತಿ ಬಂದ್ರೆ, ನಾನು ಯಾರನ್ನ ಹೇಳ್ತೀನೋ ಅವರಿಗೆ. ಕಿತ್ತಾಡಬೇಡಿ, ನಂಗೆ ತಲೆನೋವು ಬರುತ್ತೆ" ಎಂದರು.

ಸಂಜೆ ಅಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು. ಅವಳು ಸರ್ಕಾರಿ ಗ್ರಂಥಾಲಯದಲ್ಲಿ ತಾತ್ಕಾಲಿಕ ಎಂದು ಸೇರಿ, ತಾತ್ಕಾಲಿಕವಾಗಿಯೇ ಕೂದಲು ಬೆಳ್ಳಗೆ ಮಾಡಿಕೊಂಡು, ಹೋದ ವರ್ಷ ಬರಿಗೈಲಿ ಮನೆಗೆ ಬಂದವಳು. "ನಂದು ಮುಪ್ಪೊಂದೇ ಖಾಯಂ ಆಗಿದ್ದು" ಎಂದು ನಗುತ್ತಿರುತ್ತಾಳೆ. ಇವತ್ತು ಮಾತ್ರ ನಗಲಿಲ್ಲ, ನನ್ನ ಕೋಟಿನ ತೋಳನ್ನು ಮಡಚಿ ಮಡಚಿ ನೋಡಿದಳು. ಅವಳಿಗೋಸ್ಕರವಾದರೂ ಆ ಜಾಗ ನನಗೆ ಸಿಗಬೇಕು.

ಜೂನ್ ೫

ಮೂರನೇ ದಿನಕ್ಕೇ ಮಾನ ಹೋಯಿತು.

ಮೊದಲ ಸಲ ನೀರು ಹಿಡಿಯಲು ಕಳಿಸಿದ್ದರು. ನಲ್ಲಿಯ ಬಾಯಿಯನ್ನು ಸ್ಪಿರಿಟ್‌ನಲ್ಲಿ ಒರೆಸಿದೆ, ಬೆಂಕಿ ತೋರಿಸಿದೆ, ನೀರನ್ನು ಸ್ವಲ್ಪ ಹೊತ್ತು ಹರಿಯಬಿಟ್ಟೆ. ಎಲ್ಲ ಸರಿ. ಆಮೇಲೆ ಬಾಟಲಿಯ ಮುಚ್ಚಳ ತೆಗೆದು, ಮನೆಯಲ್ಲಿ ಮಾಡುವ ಹಾಗೆ, ಚೆನ್ನಾಗಿ ಕುಲುಕಿ ತೊಳೆದು ನೀರು ತುಂಬಿಕೊಂಡು ಬಂದೆ. ದೊಡ್ಡ ಮೇಡಂ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು. "ತೊಳೆದ್ಯಾ?" ಎಂದರು. ಶುಚಿಯಾಗಿರಲಿ ಎಂದು ತೊಳೆದೆ ಎಂದೆ, ಹೆಮ್ಮೆಯಿಂದ. ಇಡೀ ಲ್ಯಾಬು ನಕ್ಕಿತು.

ಬಾಟಲಿಯ ತಳದಲ್ಲಿ ಚಿಟಿಕೆಯಷ್ಟು ಬಿಳಿ ಪುಡಿ ಇರುತ್ತದೆ. ನೀರಿನಲ್ಲಿರುವ ಕ್ಲೋರಿನ್, ಇಲ್ಲಿಯವರ ಬಾಯಲ್ಲಿ ಮದ್ದು, ಬಾಟಲಿಯೊಳಗೆ ಬಂದ ತಕ್ಷಣ ಕೆಲಸ ನಿಲ್ಲಿಸಲಿ ಎಂದು ಆ ಪುಡಿ. ಅದು ಇಲ್ಲದಿದ್ದರೆ ಮದ್ದು ದಾರಿಯುದ್ದಕ್ಕೂ ಕ್ರಿಮಿಗಳನ್ನು ಕೊಲ್ಲುತ್ತಲೇ ಬರುತ್ತದೆ. ಲ್ಯಾಬು ತಲುಪುವಷ್ಟರಲ್ಲಿ ಕೆಟ್ಟ ನೀರೂ ಒಳ್ಳೆಯದಾಗಿರುತ್ತದೆ. ನಾನು ಪುಡಿಯನ್ನೇ ತೊಳೆದು ಚೆಲ್ಲಿ ಬಂದಿದ್ದೆ.

"ಹೊಸಬರೆಲ್ಲ ಮಾಡೋ ತಪ್ಪು ಇದು. ಆದ್ರೆ ಒಂದೇ ಸಲ ಮಾಡಬೇಕು" ಎಂದರು ಮೇಡಂ. ನಾಚಿಕೆಯಿಂದ ನೆಲ ಬಿರಿದು ನುಂಗಬಾರದೇ ಅನ್ನಿಸಿತು. ನನಗೆ ಬೈದರೆ ಸಿಟ್ಟು ಬರುತ್ತದೆ, ಇವತ್ತು ಅದೂ ಬರಲಿಲ್ಲ.

ಜೂನ್ ೨೧

ನಿಯಮದ ಪ್ರಕಾರ ನೀರು ಹಿಡಿಯಬೇಕಾದದ್ದು ಪೈಪಿನ ತುದಿಯಲ್ಲಿ. ಅಲ್ಲಿ ಒಳ್ಳೆಯದಿದ್ದರೆ ನಡುವೆ ಎಲ್ಲ ಕಡೆಯೂ ಒಳ್ಳೆಯದು ಎಂದು ಲೆಕ್ಕ. ನಮ್ಮ ಬಡಾವಣೆಯ ಪೈಪು ಮುಗಿಯುವುದು ಒಬ್ಬ ಟೈಲರ್ ಅಕ್ಕನ ಮನೆ ಹಿತ್ತಲಲ್ಲಿ. ನಮ್ಮ ಮನೆಗೂ ಅದೇ ಪೈಪಿನ ನೀರು. ನಮ್ಮದು ನಡುವೆ, ಅವರದು ಕಟ್ಟಕಡೆ.

ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಅದರ ಸುತ್ತ ಬಟ್ಟೆಯ ಗುಡ್ಡ, ಗುಡ್ಡದ ಮೇಲೆ ಕೂತು ಪಾಠ ಓದುವ ಮಗಳು. ಹುಡುಗಿ ತೆಳ್ಳಗೆ ಕಡ್ಡಿಯಂತೆ ಇದ್ದಾಳೆ. ಅಮ್ಮನೇ ಅವಳನ್ನು ಸೂಜಿ ಎಂದು ಕರೆಯುತ್ತಾಳೆ. ನಾನು ನಲ್ಲಿಗೆ ಬೆಂಕಿ ತೋರಿಸುವುದನ್ನು ಇಬ್ಬರೂ ಸರ್ಕಸ್ ನೋಡುವಂತೆ ನೋಡಿದರು.

"ಇಷ್ಟು ದಿನ ಯಾರೂ ಈ ತುದಿಗೆ ಬಂದಿರ್ಲಿಲ್ಲ. ನೀವು ನೋಡಿ ಹೋದ್ರೆ ನಮ್ಗೂ ಧೈರ್ಯ, ನೀರು ಮೇಡಂ" ಎಂದರು ಟೈಲರ್ ಅಕ್ಕ. ಆಮೇಲೆ ನನ್ನ ಕೋಟು ನೋಡಿ ಅವರಿಗೆ ತಡೆದುಕೊಳ್ಳಲಾಗಲಿಲ್ಲ. "ಇದೇನ್ರೀ, ಬಾವುಟ ಕಟ್ಕೊಂಡು ಓಡಾಡ್ತಿದೀರ!" ಎಂದು ಕೂರಿಸಿ, ತೋಳನ್ನು ಒಳಗೆ ಮಡಚಿ ಹೊಲಿದುಕೊಟ್ಟರು. "ಖಾಯಂ ಆದ್ಮೇಲೆ ಹೊಸ ಕೋಟು ನಮ್ಮಲ್ಲೇ ಹೊಲಿಸ್ಬೇಕು" ಎಂದೂ ಮಾತು ತೆಗೆದುಕೊಂಡರು.

ಲ್ಯಾಬಿನಲ್ಲಿ ಆ ನೀರು ಹಾಕಿಟ್ಟ ಟ್ಯೂಬು ನೇರಳೆಯಾಗಿಯೇ ಉಳಿಯಿತು. ನೇರಳೆ ಎಂದರೆ ಒಳ್ಳೆಯ ನೀರು, ಹಳದಿಗೆ ತಿರುಗಿ ಗುಳ್ಳೆ ಎದ್ದರೆ ಕೆಟ್ಟದ್ದು.

ಆಗಸ್ಟ್ ೧೮, ಭಾನುವಾರ

ಚಿಕ್ಕಮ್ಮ ಬಂದಿದ್ದಳು. ಬಂದವಳು ಕುದಿಸಿದ ನೀರು ಇದ್ದರೆ ಕೊಡು ಎಂದಳು. ನನಗೆ ರೇಗಿಹೋಯಿತು. ಅವಳ ಕಣ್ಣೆದುರೇ ನಲ್ಲಿಗೆ ಲೋಟ ಹಿಡಿದು ಗಟಗಟ ಕುಡಿದೆ. "ನಾನು ನೋಡಿದ ನೀರು ಚಿಕ್ಕಮ್ಮ ಇದು! ನಂಬಿಕೆ ಇಲ್ದಿದ್ರೆ ಲ್ಯಾಬಿಗೆ ಬಾ, ತೋರಿಸ್ತೀನಿ" ಎಂದು ದೊಡ್ಡ ಭಾಷಣವನ್ನೇ ಬಿಗಿದೆ. ಅಮ್ಮನೂ ಒಂದು ಲೋಟ ಕುಡಿದಳು, ಬಾಯಾರಿಕೆ ಇಲ್ಲದಿದ್ದರೂ. ಅವಳ ಮುಖದಲ್ಲಿ ಅಷ್ಟು ಗತ್ತು ನಾನು ನೋಡಿರಲಿಲ್ಲ.

ಅಕ್ಟೋಬರ್ ೧೬

ತುದಿಮನೆಯ ಟ್ಯೂಬು ಹಳದಿ ಬಂದಿದೆ. ಗುಳ್ಳೆ ಎದ್ದಿದೆ.

ಮೊದಲು ನಂಬಲಿಲ್ಲ. ಏಣಿಯನ್ನು ಕರೆದು ತೋರಿಸಿದೆ. ಅವನು ಬಗ್ಗಿ ನೋಡಿ, "ಹಳದಿ ಕಣೇ, ಅಪ್ಪಟ ಹಳದಿ" ಎಂದ. ಇಬ್ಬರೂ ಓಡಿದೆವು. ದೊಡ್ಡ ಮೇಡಂ ಊಟದ ಡಬ್ಬಿ ಮುಚ್ಚಿಟ್ಟು, ಇನ್ನೊಮ್ಮೆ ಹಿಡಿದುಕೊಂಡು ಬಾ ಎಂದರು. ಅದು ಸರಿಯೇ, ಒಂದು ಸಲಕ್ಕೆ ತೀರ್ಮಾನ ಮಾಡಬಾರದು.

ಅಕ್ಟೋಬರ್ ೨೧

ಮತ್ತೆ ಹಳದಿ. ಏಣಿ ಬೇರೆಯಾಗಿ ಹೋಗಿ ಹಿಡಿದು ತಂದದ್ದೂ ಹಳದಿ.

ಬಡಾವಣೆಯ ಕೊನೆಯಲ್ಲಿ ಕುಡಿಯುವ ನೀರಿನ ಪೈಪು ಚರಂಡಿಯ ಕೆಳಗೆ ಹಾದುಹೋಗುತ್ತದಂತೆ. ಎಲ್ಲೋ ಬಿರುಕು ಬಿಟ್ಟಿದೆ. ಇದು ಮೇಡಂಗೆ ಗೊತ್ತಿದೆ. ಪೈಪು ಬದಲಾಯಿಸಲು ಮುಂದಿನ ವರ್ಷ ಮಂಜೂರಾತಿ ಸಿಗಬಹುದಂತೆ. "ಅಲ್ಲಿವರೆಗೆ ನೀನು ಟ್ಯಾಂಕಿನ ಪಕ್ಕದ ನಲ್ಲೀಲಿ ಹಿಡಿ" ಎಂದರು. ನಾನು ಸುಮ್ಮನಿರಲಿಲ್ಲ. ಟ್ಯಾಂಕಿನ ಪಕ್ಕ ಮದ್ದು ಈಗಷ್ಟೇ ಬಿದ್ದಿರುತ್ತದೆ, ಅಲ್ಲಿ ನೀರು ಕೆಡುವುದಾದರೂ ಹೇಗೆ? ಅದನ್ನು ಪರೀಕ್ಷೆ ಮಾಡುವುದೂ ಒಂದೇ, ಬಿಡುವುದೂ ಒಂದೇ.

"ಆ ಮನೇಲಿ ಒಂದು ಮಗು ಇದೆ ಮೇಡಂ!" ಎಂದು ಕೂಗಿಯೇಬಿಟ್ಟೆ. ಹೊರಗೆ ಟೈಪ್ ಮಾಡುತ್ತಿದ್ದವರ ಕೈ ನಿಂತಿತು.

ಮೇಡಂ ಕೂಗಲಿಲ್ಲ. "ನಾನೂ ನಿನ್ನ ಹಾಗೇ ತೋಳು ಮಡಚ್ಕೊಂಡು ಬಂದವಳು ಕಣಮ್ಮ. ಕೂಗಿದ್ರೆ ಪೈಪ್ ಹೊಸದಾಗಲ್ಲ. ಜನ ಗಾಬರಿ ಬೀಳ್ತಾರೆ, ಲ್ಯಾಬಿಗೆ ಬೀಗ ಬೀಳುತ್ತೆ, ಅಷ್ಟೇ. ಬೀಗ ಬಿದ್ಮೇಲೆ ಆ ಮಗೂನ ನೋಡೋರು ಯಾರು?" ಎಂದರು.

ಈಗ ಮನೆಗೆ ಬಂದು ಕೂತ ಮೇಲೆ ಹತ್ತು ಉತ್ತರ ಹೊಳೆಯುತ್ತಿವೆ. ಏನೇ ಆಗಲಿ, ಟ್ಯಾಂಕಿನ ಹತ್ತಿರ ನಾನು ಹಿಡಿಯುವುದಿಲ್ಲ. ಇವರಿಗೆಲ್ಲ ಎದೆಯಲ್ಲಿ ಇರುವುದು ಹೃದಯವೋ ರಬ್ಬರ್ ಸ್ಟಾಂಪೋ. ಒಂದು ದಿನ ಆ ಕುರ್ಚಿಯಲ್ಲಿ ನಾನು ಕೂತರೆ ತೋರಿಸುತ್ತೇನೆ.

ನವೆಂಬರ್ ೨೯

ಅರ್ಧ ವರ್ಷದ ಮೌಲ್ಯಮಾಪನ. ಮೇಡಂ ಒಬ್ಬೊಬ್ಬರನ್ನೇ ಕರೆದು ಬಾಯಲ್ಲೇ ಹೇಳಿದರು. ನನಗೆ: "ಕೆಲಸ ಚೆನ್ನಾಗಿದೆ. ಹೊಂದ್ಕೊಂಡು ಹೋಗೋದು ಕಲೀಬೇಕು. ಇದೊಂದು ಬಿಟ್ರೆ ನನ್ನ ಮನಸ್ಸಲ್ಲಿ ನೀನೇ ಇದೀಯ." ಏಣಿಗೂ ಮೊದಲೆರಡು ಮಾತು ಅದೇ, ಕೊನೆಯದು ಇಲ್ಲ.

ಅಮ್ಮನಿಗೆ ಹೇಳಿದೆ. ಅವಳು ಸೊಪ್ಪು ಬಿಡಿಸುತ್ತಿದ್ದವಳು ಕೈ ನಿಲ್ಲಿಸಿ, "ನಾನು ಅಷ್ಟು ವರ್ಷ ತುಟಿ ಪಿಟಕ್ ಅನ್ದೆ ಹೊಂದ್ಕೊಂಡು ಹೋದೆ. ಏನು ಬಂತು?" ಎಂದಳು. ಅವಳು ಪಾಪ, ಅವಳ ಕಾಲವೇ ಬೇರೆ. ಅವಳಿಗೆ ಯಾರೂ ನೀನೇ ಇದೀಯ ಎಂದು ಹೇಳಿರಲಿಲ್ಲ.

ಡಿಸೆಂಬರ್ ೧೧

ಇವತ್ತು ಟ್ಯಾಂಕಿನ ಪಕ್ಕದ ನಲ್ಲಿಯಲ್ಲಿ ಹಿಡಿದೆ. ಅದೂ ಅದೇ ಪೈಪು ತಾನೇ. ಬಿಸಿಲು ಜೋರಾಗಿತ್ತು, ತುದಿಮನೆಯವರೆಗೆ ನಡೆಯುವುದಕ್ಕೂ ಆಗುತ್ತಿರಲಿಲ್ಲ.

ಏಣಿ ಒಪ್ಪಲಿಲ್ಲ. ಅವನನ್ನು ಟ್ಯೂಬು ತೊಳೆಯಲು ಹಾಕಿದ್ದಾರೆ. ಸಿಂಕು ತಗ್ಗು, ಬಗ್ಗಿ ಬಗ್ಗಿ ಅವನಿಗೆ ಬೆನ್ನು ನೋವು. ಪಾಪ ಅನ್ನಿಸುತ್ತದೆ, ಆದರೆ ಬೇಕೆಂದೇ ತಂದುಕೊಂಡದ್ದು.

ಜನವರಿ ೨೦

ಮೇಲಿನಿಂದ ತಪಾಸಣೆಯ ತಂಡ ಬರುತ್ತಿದೆ. ಪೈಪಿನ ತುದಿಯಲ್ಲಿಯೇ, ಅವರ ಕಣ್ಣೆದುರೇ ನೀರು ಹಿಡಿಯಬೇಕಂತೆ. ನೀರು ಪಾಸಾದರೆ ಲ್ಯಾಬಿನ ಮಾನ್ಯತೆ ಮುಂದುವರಿಯುತ್ತದೆ, ಖಾಲಿ ಜಾಗ ತುಂಬಲು ಅನುಮತಿ ಸಿಗುತ್ತದೆ. ಇಲ್ಲದಿದ್ದರೆ ಜಾಗವೂ ಇಲ್ಲ, ನಾನೂ ಇಲ್ಲ.

ಮೇಡಂ ಬಾಗಿಲು ಮುಂದೆ ಮಾಡಿ ಕೂರಿಸಿಕೊಂಡರು. ಟೀ ತರಿಸಿಕೊಟ್ಟರು. ಆ ದಿನ ಬೆಳಿಗ್ಗೆ ಟ್ಯಾಂಕಿಗೆ ಮದ್ದು ಎರಡು ಪಟ್ಟು ಬೀಳುತ್ತದಂತೆ, ತುದಿಯವರೆಗೂ ಒಂದಿಷ್ಟು ತಲುಪುತ್ತದೆ. ಆದರೂ ಅಷ್ಟಕ್ಕೇ ಸಾಲದು ಎಂದರು. ಸ್ವಲ್ಪ ಹೊತ್ತು ಬಿಸ್ಕತ್ತು ಮುರಿಯುತ್ತ ಕೂತರು.

"ಮೊದಲ ವಾರ ನೀನೊಂದು ತಪ್ಪು ಮಾಡಿದ್ದೆ, ನೆನಪಿದ್ಯಾ?"

ಟೀ ಲೋಟ ಮೇಜಿನ ಮೇಲಿಟ್ಟೆ.

"ಹೊಸಬರು ಮಾಡೋ ತಪ್ಪು ಅದು. ಬರೋರು ಲೆಕ್ಕಪತ್ರದ ಜನ. ಅವರಿಗೆ ನಲ್ಲಿ ಗೊತ್ತು, ಬಾಟಲಿ ಗೊತ್ತಿಲ್ಲ" ಎಂದರು. ನಾನು ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ. ಟೀ ಕುಡಿದು ಎದ್ದು ಬಂದೆ. ಮನಸ್ಸು ಸರಿ ಇಲ್ಲ.

ಫೆಬ್ರವರಿ ೪

ತಂಡ ಬಂದು ಹೋಯಿತು. ಎಲ್ಲ ಸುಸೂತ್ರ.

ಬಾಟಲಿಯಲ್ಲಿ ಧೂಳು ಇದ್ದಂತೆ ಕಂಡಿತು. ಒಮ್ಮೆ ತೊಳೆದು ಹಿಡಿದೆ. ತಂಡದಲ್ಲಿದ್ದ ಹಿರಿಯರೊಬ್ಬರು, "ಎಷ್ಟು ಶುಚಿಯಾಗಿ ಕೆಲಸ ಮಾಡ್ತಾರೆ ನೋಡಿ" ಎಂದು ಪಕ್ಕದವರಿಗೆ ತೋರಿಸಿದರು. ಟೈಲರ್ ಅಕ್ಕ ಮಾತ್ರ, "ಮೊದ್ಲೆಲ್ಲ ತೊಳೀತಿರ್ಲಿಲ್ವಲ್ಲ ಮೇಡಂ?" ಎಂದರು. ಹೊಸ ಪದ್ಧತಿ ಅಕ್ಕ, ಎಂದೆ. ಸೂಜಿ ಶಾಲೆಗೆ ಹೋಗಿರಲಿಲ್ಲ, ಒಳಗೆ ಮಲಗಿದ್ದಳು. ಹೊಟ್ಟೆನೋವಂತೆ.

ಫೆಬ್ರವರಿ ೬

ನೇರಳೆ.

ನನಗೆ ಗಂಟಲು ಕಟ್ಟಿದ ಹಾಗಿದೆ. ನೀರು ಕುದಿಸಿ, ಆರಿಸಿ ಇಟ್ಟುಕೊಂಡಿದ್ದೇನೆ.

ಮಾರ್ಚ್ ೧೦

ಏಣಿ ಕೆಲಸ ಬಿಟ್ಟ. ವರ್ಷ ಮುಗಿಯುವವರೆಗೂ ಇರಲಿಲ್ಲ. ಸಂಜೆ ಕೋಟು ಕಳಚಿ ಮೊಳೆಗೆ ಹಾಕಿದ. ಹೋಗುವ ಮುಂಚೆ ನನ್ನ ಮೇಜಿನ ಹತ್ತಿರ ಬಂದು ನಿಂತ.

"ನೀನು ಬೈದು ಎಷ್ಟು ದಿನ ಆಯ್ತು ಕಣೇ" ಎಂದ.

"ಯಾರಿಗೆ ಬೈಬೇಕಿತ್ತು?"

"ಯಾರಿಗಾದ್ರೂ. ನಂಗೇ ಬೈಬಹುದಿತ್ತು."

ಇದೆಂಥ ಮಾತು? ನನಗೆ ಕೆಲಸ ಇತ್ತು, ಆಯ್ತು ಹೋಗಿ ಬಾ ಎಂದೆ. ಈ ಥರದವರಿಗೆ ಸರ್ಕಾರಿ ಕೆಲಸ ಒಗ್ಗುವುದಿಲ್ಲ. ಒಂದು ವ್ಯವಸ್ಥೆ ಎಂದ ಮೇಲೆ ಎಲ್ಲರೂ ಅವರವರ ಮೂಗಿನ ನೇರಕ್ಕೆ ನಡೆದರೆ ನಾವು ಲ್ಯಾಬು ನಡೆಸುವುದು ಹೇಗೆ?

ಕುದಿಸಲು ದೊಡ್ಡ ಪಾತ್ರೆ ಒಂದು ತಂದೆ. ಗಂಟಲು ಯಾಕೋ ಸರಿಹೋಗುತ್ತಲೇ ಇಲ್ಲ. ಅಮ್ಮನಿಗೂ ಅದೇ ನೀರು ಕೊಡುತ್ತಿದ್ದೇನೆ, ಎರಡೆರಡು ಪಾತ್ರೆ ಯಾಕೆ.

ಏಪ್ರಿಲ್ ೧೭

ಮಧ್ಯಾಹ್ನ ಟೈಲರ್ ಅಕ್ಕ ಲ್ಯಾಬಿಗೆ ಬಂದಿದ್ದರು. ಕೈಯಲ್ಲಿ ಬಟ್ಟೆಯಲ್ಲಿ ಸುತ್ತಿದ ಒಂದು ಬಾಟಲಿ. ಸೂಜಿಯನ್ನು ಆಸ್ಪತ್ರೆಗೆ ಸೇರಿಸಿದ್ದರಂತೆ. ವಾಂತಿ ಭೇದಿ, ಜ್ವರ. ಈಗ ಮನೆಗೆ ಬಂದಿದ್ದಾಳೆ, ಎದ್ದು ನಿಲ್ಲುವ ಶಕ್ತಿ ಇಲ್ಲವಂತೆ.

"ಡಾಕ್ಟ್ರು ನೀರು ಎಲ್ಲೀದು ಅಂತ ಕೇಳಿದ್ರು ಮೇಡಂ. ಅದಕ್ಕೇ ನಮ್ಮ ನಲ್ಲಿ ನೀರು ತಂದಿದೀನಿ. ಒಂದ್ಸಲ ನೋಡ್ಬಿಡಿ. ಬಾಟಲಿ ಬಿಸಿನೀರಲ್ಲಿ ಚೆನ್ನಾಗಿ ತೊಳೆದಿದೀನಿ."

ಮನೆಯ ಬಾಟಲಿ ನಡೆಯುವುದಿಲ್ಲ. ಅದು ನಿಯಮ, ನಾನು ಮಾಡಿದ್ದಲ್ಲ. ಹಾಗೆಂದು ಹೇಳಿದೆ. ನಮ್ಮ ಬಾಟಲಿಯಲ್ಲಿ ಹಿಡಿದದ್ದನ್ನು ಮಾತ್ರ ನಾವು ತಗೊಳ್ಳುವುದು. ನಾನು ಎದ್ದು ಹೋಗಿ ಒಂದು ಬಾಟಲಿ ಕೊಡಬಹುದಿತ್ತು, ಕಪಾಟು ತುಂಬ ಇದ್ದವು. ಮೇಡಂ ಕೋಣೆಯ ಬಾಗಿಲು ತೆರೆದೇ ಇತ್ತು.

"ನಿಮ್ಮ ಮನೆ ನೀರು ಫೆಬ್ರವರೀಲೇ ನೋಡಿದೀವಲ್ಲ ಅಕ್ಕ. ಪಾಸಾಗಿದೆ" ಎಂದೆ.

ಅವರ ಮುಖ ಹೂವಿನಂತೆ ಅರಳಿತು. ಇದನ್ನು ಬರೆಯಲೇಬೇಕು. ಅಷ್ಟೊಂದು ಅರಳುತ್ತದೆ ಎಂದು ನಾನು ಅಂದುಕೊಂಡಿರಲಿಲ್ಲ. "ಅಯ್ಯೋ, ಹಾಗಾದ್ರೆ ಸರಿ ಬಿಡಿ! ಶಾಲೆ ಹತ್ರ ಏನೋ ತಿಂದಿರ್ಬೇಕು ಮುಂಡೇದು. ನಾನು ಸುಮ್ನೆ ನಲ್ಲಿ ಮೇಲೆ ಅನುಮಾನ ಪಟ್ಟೆ" ಎಂದು, ಬಿಸಿಲಲ್ಲಿ ನಡೆದು ಬಂದಿದ್ದರಲ್ಲ, ಆ ಬಾಟಲಿಯ ಮುಚ್ಚಳ ತೆಗೆದು ಅಲ್ಲೇ ನಿಂತು ಅರ್ಧ ಕುಡಿದರು. ನಾನು ನೋಡುತ್ತ ನಿಂತೆ. ಬೇಡ ಎನ್ನಲು ಬಾಯಿ ತೆರೆದೆ, ಮಾತು ಹೊರಡಲಿಲ್ಲ. ಗಂಟಲು.

ಹೋಗುವಾಗ ತಿರುಗಿ, "ಕೋಟಿನ ಅಳತೆ ಕೊಡೋಕೆ ಯಾವಾಗ ಬರ್ತೀರಾ?" ಎಂದು ಕೇಳಿದರು.

ಮೇ ೧೨

ಅನುಮತಿ ಬಂತು. ಮೇಡಂ ನನ್ನ ಹೆಸರು ಹೇಳಿದರು. ತಿಂಗಳ ಕೊನೆಗೆ ಖಾಯಂ ಆದೇಶ. ಅಮ್ಮನಿಗೆ ಹೇಳಿದಾಗ ಅವಳು ಕುರ್ಚಿಯಲ್ಲಿ ಕೂತು ತುಂಬ ಹೊತ್ತು ಅತ್ತಳು, ನಾನೂ ಅಳಬೇಕಿತ್ತು. ಅವಳ ಜೊತೆ ಕೂತಿದ್ದೆ. ಅಳತೆ ಕೊಡಲು ಅಮ್ಮನನ್ನೇ ಕಳಿಸಿದೆ, ನನ್ನ ಹಳೆಯ ಅಂಗಿಯೊಂದನ್ನು ಕೊಟ್ಟು. ನನಗೆ ಬಿಡುವಿಲ್ಲ.

ಮೇ ೩೦, ಶುಕ್ರವಾರ

ಆದೇಶ ಕೈಗೆ ಬಂತು. ಮೇಡಂ ಎಲ್ಲರೆದುರು ಬೆನ್ನು ತಟ್ಟಿದರು. ಸೋಮವಾರದಿಂದ ಹೊಸ ಇಂಟರ್ನ್ ಒಬ್ಬಳು ಬರುತ್ತಾಳೆ, ಅವಳಿಗೆ ಕೆಲಸ ಕಲಿಸುವವಳು ನಾನು.

ಮನೆಗೆ ಬಂದಾಗ ಅಮ್ಮ ಕೋಟು ತಂದಿಟ್ಟಿದ್ದಳು. ಹಾಕಿಕೊಂಡೆ. ತೋಳು ಸರಿಯಾಗಿ ಮಣಿಕಟ್ಟಿಗೆ ಬಂದು ನಿಂತಿತು. ಟೈಲರ್ ಅಕ್ಕ ಹೊಲಿದದ್ದಕ್ಕೆ ಏನೂ ತೆಗೆದುಕೊಳ್ಳಲಿಲ್ಲವಂತೆ. ನಮ್ಮ ನೀರು ಕಾಯೋರು, ಅವರ ಹತ್ರ ಹೇಗೆ ತಗೊಳ್ಳಿ, ಎಂದರಂತೆ.

"ಆ ಹುಡುಗಿ ಮತ್ತೆ ಮಲಗಿದಾಳೆ ಕಣೇ. ಯಂತ್ರದ ಪಕ್ಕದಲ್ಲೇ ಚಾಪೆ ಹಾಕಿದಾರೆ. ಕಣ್ಣು ಮಾತ್ರ ಇದೆ ಮುಖದಲ್ಲಿ" ಎಂದಳು ಅಮ್ಮ. ಹೇಳುತ್ತ ಹೇಳುತ್ತ ನಲ್ಲಿ ತಿರುಗಿಸಿ ಒಂದು ಲೋಟ ಹಿಡಿದಳು. ನಡೆದು ಬಂದಿದ್ದಳು, ಬಾಯಾರಿತ್ತು, ಪಾತ್ರೆ ಖಾಲಿಯಿತ್ತು. ಲೋಟ ಬಾಯಿಯ ಹತ್ತಿರ ಹೋಗಿತ್ತು. ನಾನು ಹೇಗೆ ಅಡುಗೆಮನೆ ದಾಟಿದೆನೋ ತಿಳಿಯದು, ಕೈಯಿಂದ ಕಿತ್ತುಕೊಂಡೆ. ಅರ್ಧ ನೀರು ಹೊಸ ಕೋಟಿನ ಮೇಲೆ ಚೆಲ್ಲಿತು.

"ಇರು, ಕುದಿಸಿ ಕೊಡ್ತೀನಿ" ಎಂದೆ.

ಅಮ್ಮ ಲೋಟವನ್ನು ನೋಡಿದಳು, ಆಮೇಲೆ ನನ್ನನ್ನು. ಅವಳು ಅಷ್ಟು ನಿಧಾನವಾಗಿ ಮಾತಾಡುವವಳಲ್ಲ.

"ತುದಿಮನೆಯವರಿಗೆ ಹೇಳಿದೀಯಾ, ಕುದಿಸಿ ಅಂತ?"

ಒಲೆ ಹಚ್ಚಿದೆ. ಕಡ್ಡಿ ಎರಡು ಸಲ ಆರಿತು. ಅಮ್ಮ ಮತ್ತೆ ಕೇಳಲಿಲ್ಲ, ಒಳಗೂ ಹೋಗಲಿಲ್ಲ. ನೀರು ಕುದಿಯುವವರೆಗೆ ಇಬ್ಬರೂ ಒಲೆಯ ಮುಂದೆಯೇ ನಿಂತಿದ್ದೆವು.

ಕೋಟನ್ನು ಒಣಗಲು ಹಾಕಿದ್ದೇನೆ. ಸೋಮವಾರ ಆ ಹೊಸ ಹುಡುಗಿಗೆ ಮೊದಲ ದಿನವೇ ಹೇಳಿಕೊಡಬೇಕು, ಬಾಟಲಿ ತೊಳೆಯಬಾರದು ಎಂದು.